ಪ್ಲಾಸ್ಟರಿನ ಕೈಗೆ ಬಿದ್ದ ಚಪ್ಪಾಳೆ

ಎಡಗೈ ಮಣಿಕಟ್ಟು ಮುರಿದು ಇಪ್ಪತ್ತೆರಡು ದಿನವಾಗಿತ್ತು. ಚಿಂಚೋಳಿಯಿಂದ ಕಾಳಗಿಗೆ ಬರುವಾಗ ಸಂಜೆಗತ್ತಲಲ್ಲಿ ರಸ್ತೆಯ ತಗ್ಗು ಕಾಣದೆ ಮೋಟಾರ್ ಸೈಕಲ್ ಸಮೇತ ಉರುಳಿದ್ದೆ. ಡಾಕ್ಟರು ಆರು ವಾರ ಪ್ಲಾಸ್ಟರು ಎಂದಿದ್ದರು. ಅಷ್ಟರೊಳಗೆ ಊರಿನಲ್ಲಿ ನಮ್ಮ ಮೇಳದ ಕಾರ್ಯಕ್ರಮ ಗೊತ್ತಾಗಿಬಿಟ್ಟಿತ್ತು. ಮೇಳವೆಂದರೆ ದೊಡ್ಡದೇನಲ್ಲ. ಹಾಡುವವರು ಇಬ್ಬರು, ತಬಲಾದವನೊಬ್ಬ, ಢೋಲಕಿನವನೊಬ್ಬ, ತಾಳಕ್ಕೊಬ್ಬ, ಕೀಬೋರ್ಡಿಗೆ ಕಾಲೇಜು ಓದುವ ಹುಡುಗ, ಹಾರ್ಮೋನಿಯಂಗೆ ನಾನು. ಮೊದಲರ್ಧ ತತ್ವಪದ, ವಚನ; ಆಮೇಲೆ ಜನ ಕೇಳುವುದರಿಂದ ಸಿನಿಮಾ ಹಾಡು. ಹಿರಿಯರು ಭಜನಿ ಮೇಳ ಎನ್ನುತ್ತಾರೆ, ಪೋಸ್ಟರಿನಲ್ಲಿ ರಸಮಂಜರಿ ಎಂದು ಬರೆಸುತ್ತಾರೆ, ನನ್ನ ಶಾಲೆಯ ಹುಡುಗರು ‘ಸರ್ ಬ್ಯಾಂಡ್’ ಎನ್ನುತ್ತಾರೆ.

ಹಾರ್ಮೋನಿಯಂ ಎರಡು ಕೈಗಳ ವಾದ್ಯ. ಜನ ನೋಡುವುದು ಕರಿ ಬಿಳಿ ಮನೆಗಳ ಮೇಲೆ ಓಡುವ ಬಲಗೈಯನ್ನು. ಎಡಗೈ ಹಿಂದಿನ ತಿದಿಯನ್ನು ಒತ್ತುತ್ತ ಮರೆಯಲ್ಲಿರುತ್ತದೆ. ಆದರೆ ಸ್ವರ ಎಲ್ಲಿ ಉಬ್ಬಬೇಕು, ಎಲ್ಲಿ ಇಳಿಯಬೇಕು, ಹಾಡುವವನ ಉಸಿರಿನ ಜೊತೆ ಎಲ್ಲಿ ಸಣ್ಣಗಾಗಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಆ ಮರೆಯ ಕೈಯೇ. ಮುರಿದದ್ದು ಅದು. ನಾನು ಬರುವುದಿಲ್ಲ ಎಂದೆ. ತಬಲಾದವನು ಬಿಡಲಿಲ್ಲ. “ಸರ, ಭಾತಿ ಒತ್ತಾಕ ನಮ್ಮ ತಮ್ಮನ ಕುಂದ್ರಸ್ತೀನಿ, ನೀವು ಬರೇ ಬಳ್ಳ ಆಡಸ್ರಿ” ಎಂದ. ತಿದಿಗೆ ನಮ್ಮ ಕಡೆ ಭಾತಿ ಎನ್ನುತ್ತಾರೆ. ಹಾಗೆ ಏಳನೆಯ ಇಯತ್ತೆಯ ಹುಡುಗನೊಬ್ಬ ನನ್ನ ಎಡಗೈಯಾಗಿ ಪಕ್ಕದಲ್ಲಿ ಕುಳಿತ.

ಕಾಳಗಿಯನ್ನು ನೋಡದವರಿಗೆ ಎರಡು ಮಾತು. ಹಿಂದೆ ಚಿತ್ತಾಪುರ ತಾಲೂಕಿಗೆ ಸೇರಿದ್ದ, ಈಗ ತಾನೇ ತಾಲೂಕು ಕೇಂದ್ರವಾಗಿರುವ ಊರು. ರೌದ್ರಾವತಿ ನದಿ, ನೀಲಕಂಠ ಕಾಳೇಶ್ವರನ ಗುಡಿ, ಸುತ್ತ ತೊಗರಿಯ ಹೊಲ. ಒಂದು ಕಡೆ ಶಹಾಬಾದಿನ ಹಾಸುಗಲ್ಲು, ವಾಡಿ ಸೇಡಂಗಳ ಸಿಮೆಂಟು. ಇನ್ನೊಂದು ಕಡೆ ಚಿಂಚೋಳಿಯ ಕಾಡು. ಇಲ್ಲಿ ಹಾಡು ಕೇಳಲು ಟಿಕೇಟು ಕೊಳ್ಳುವ ರೂಢಿಯಿಲ್ಲ. ಗುಡಿಯ ಮುಂದೆ, ಮದುವೆಯ ಹಂದರದಲ್ಲಿ, ಸತ್ತವರ ಮನೆಯ ಅಂಗಳದಲ್ಲಿ ಹಾಡು ತಾನಾಗಿ ಇರುತ್ತದೆ. ಕೇಳುವವರು ಹಾಡುವವರ ಬಂಧುಗಳೋ ಪರಿಚಿತರೋ ಆಗಿರುತ್ತಾರೆ. ಆದ್ದರಿಂದ ನಾನು ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ವೇದಿಕೆ ಹತ್ತಿದಾಗ, ಒಂದು ಸ್ವರವೂ ಹೊರಡುವ ಮೊದಲೇ ಚಪ್ಪಾಳೆ ಬಿತ್ತು.

ಮೊದಲ ಪದ ಹೇಗೋ ಸಾಗಿತು. ಎರಡನೆಯದು ಕೆಟ್ಟಿತು. ಹುಡುಗ ತಬಲಾದ ಪೆಟ್ಟಿಗೆ ಸರಿಯಾಗಿ ತಿದಿ ಒತ್ತುತ್ತಿದ್ದ. ಪ್ರತಿ ಪೆಟ್ಟಿಗೂ ಸ್ವರ ಒಮ್ಮೆ ಉಬ್ಬಿ, ಹಾಡೆಲ್ಲ ಕುದುರೆ ಗಾಡಿಯಲ್ಲಿ ಕುಳಿತಂತೆ ಕುಲುಕಾಡಿತು. ನನಗೆ ಗಾಳಿ ಬೇಕಾದಾಗ ಇಲ್ಲ, ಬೇಡವಾದಾಗ ಪೆಟ್ಟಿಗೆಯ ತುಂಬ. ಮೂರನೆಯ ಪದದಲ್ಲಿ ನಾನು ಸೋತೆ. ನಾಲ್ಕನೆಯದರಲ್ಲಿ ಬೇರೆ ದಾರಿ ಕಾಣದೆ ಬಾರಿಸುವುದನ್ನೇ ಕಡಿಮೆ ಮಾಡಿದೆ. ಎಂದಿನಂತೆ ಹಾಡುವವನ ಬೆನ್ನಿಗೆ ಅಂಟಿಕೊಂಡು ಉದ್ದಕ್ಕೂ ನುಡಿಸದೆ, ಅವನು ಸಾಲು ಮುಗಿಸಿದಲ್ಲಿ ಎರಡು ಸ್ವರ ಇಟ್ಟು ಸುಮ್ಮನಾಗುತ್ತಿದ್ದೆ. ಪದ ಮುಗಿಯಿತು, ಹುಡುಗ ಬೆವರು ಒರೆಸಿಕೊಂಡ, ಮತ್ತೆ ಚಪ್ಪಾಳೆ.

ಕಾರ್ಯಕ್ರಮದ ನಂತರ ಬಂದವರೆಲ್ಲ ಹೇಳಿದ್ದು ಒಂದೇ ಮಾತು: “ಮುರದ ಕೈಯಾಗ ಏನ್ ಛಂದ ಬಾರ್ಸಿದ್ರಿ ಸರ!” ಒಬ್ಬರಂತೂ ಶಾಲು ಹೊದಿಸಿದರು. ಹೊದಿಸುವಾಗ ಪ್ಲಾಸ್ಟರಿನ ಮೇಲೆ ಕೈಯಿಟ್ಟು ಕಣ್ಣಿಗೆ ಒತ್ತಿಕೊಂಡರು. ಕೊನೆಗೆ ಮುದುಕರೊಬ್ಬರು ಬಂದರು. ಹಳೆಯ ಏಕತಾರಿ ಮಂದಿಯ ಪೈಕಿ, ಕಡಕೋಳ ಮಡಿವಾಳಪ್ಪನವರ ಪದಗಳನ್ನು ರಾತ್ರಿಯಿಡೀ ಹಾಡಬಲ್ಲವರು. ತಡವಾಗಿ ಬಂದು ಹಿಂದೆ ಕಂಬದ ಮರೆಗೆ ಕುಳಿತಿದ್ದರಂತೆ. ನನ್ನ ಕೈ ಅವರಿಗೆ ಕಂಡಿರಲೇ ಇಲ್ಲ. “ಮಾಸ್ತರ, ಎರಡನೇ ಪದ ಪೂರಾ ಕೆಡಿಸಿದ್ರಿ. ನಾಕನೇದ್ರಾಗ ಹಾಡಾಂವಗ ಜಾಗಾ ಬಿಟ್ರಿ ನೋಡ್ರಿ, ಅದು ಬರೋಬ್ಬರಿ ಆತು. ಯಾವಾಗೂ ಹಂಗ ಬಿಡ್ರಿ” ಎಂದರು. ಆಮೇಲೆ ಕೊರಳಿಗೆ ಕಟ್ಟಿದ ಕೈ ಕಂಡು, “ಎಪ್ಪಾ, ಇದೇನಾತು?” ಎಂದು ಕೇಳಿದರು.

ಆ ರಾತ್ರಿ ನನ್ನ ವಾದನವನ್ನು ಕೇಳಿದವರು ಅವರೊಬ್ಬರೇ ಎಂದು ನನಗೆ ಈಗ ಅನ್ನಿಸುತ್ತದೆ. ಉಳಿದವರು ನೋಡಿದರು.

ಇದು ನನ್ನಂಥ ಹವ್ಯಾಸಿಯ ಪ್ರಸಂಗವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಪೆಟ್ಟಾದ, ಗುಣವಾಗುತ್ತಿರುವ, ಅಥವಾ ಪೂರ್ತಿ ಗುಣವಾಗದ ದೇಹದಿಂದ ಹಾಡಿದವರನ್ನು ನಾವು ಹೇಗೆ ಕೇಳುತ್ತ ಬಂದಿದ್ದೇವೆ ಎಂಬುದು ನಮ್ಮ ಸಂಗೀತ ವಿಮರ್ಶೆಯ ದೊಡ್ಡ ಪ್ರಶ್ನೆ. ಅದಕ್ಕೆ ದೂರ ಹೋಗಬೇಕಿಲ್ಲ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು ಇದ್ದಾರೆ. ಬಾಲಕನಾಗಿದ್ದಾಗಲೇ ದೊಡ್ಡ ದೊಡ್ಡವರ ಗಾಯನವನ್ನು ಕೇಳಿದ ಹಾಗೆಯೇ ಒಪ್ಪಿಸಿ ಬೆರಗುಗೊಳಿಸಿದವರು, ಮುಂಬಯಿಯಲ್ಲಿ ಬಿ. ಆರ್. ದೇವಧರರಲ್ಲಿ ಕಲಿತವರು. ಇಪ್ಪತ್ತರ ಆಚೆ ಈಚೆಗೆ ದೇಶದ ಬೇಡಿಕೆಯ ಗಾಯಕರಾಗಿದ್ದಾಗ ಕ್ಷಯ ಹಿಡಿಯಿತು. 1948ರಲ್ಲಿ ಒಣ ಹವೆಯನ್ನು ಅರಸಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಕೂಡದು ಎಂಬುದು ವೈದ್ಯರ ಆಜ್ಞೆ. ಸುಮಾರು ಐದು ವರ್ಷ ಹಾಸಿಗೆ. ಸ್ಟ್ರೆಪ್ಟೊಮೈಸಿನ್ ಔಷಧ ಅವರನ್ನು ಉಳಿಸಿತು. ಆದರೆ ಒಂದು ಶ್ವಾಸಕೋಶ ಬಹುಮಟ್ಟಿಗೆ ಹೋಗಿಬಿಟ್ಟಿತ್ತು. 1950ರ ದಶಕದ ಆರಂಭದಲ್ಲಿ ಅವರು ಮತ್ತೆ ವೇದಿಕೆಗೆ ಬಂದಾಗ ಹಾಡು ಬದಲಾಗಿತ್ತು. ಸಣ್ಣ ಸಣ್ಣ ತುಣುಕು. ಥಟ್ಟನೆ ಮೇಲಕ್ಕೆ ಹಾರಿ ಅಷ್ಟೇ ಥಟ್ಟನೆ ನಿಲ್ಲುವ ಸ್ವರ. ನಡುವೆ ತಂಬೂರಿ ಮಾತ್ರ ಕೇಳುವ ಬಯಲು.

ಇದನ್ನು ಕೇಳಿದ ಲೋಕ ಎರಡು ಬಗೆಯಾಗಿ ಮಾತಾಡಿತು. ಒಂದು, ಒಂದೇ ಶ್ವಾಸಕೋಶದಲ್ಲಿ ಇಷ್ಟು ಹಾಡುವುದೇ ಪವಾಡ ಎಂಬ ಮಾತು. ಇದು ನನಗೆ ಬಿದ್ದ ಚಪ್ಪಾಳೆಯ ಹಿರಿಯಣ್ಣ. ಇನ್ನೊಂದು ಸ್ವಲ್ಪ ಜಾಣರ ಮಾತು: ಉಸಿರು ಸಾಲದ್ದರಿಂದ ಅವರು ತುಣುಕು ತುಣುಕಾಗಿ ಹಾಡಿದರು, ಅದೇ ಅವರ ಶೈಲಿಯಾಯಿತು ಎಂಬುದು. ಮೊದಲನೆಯದು ಕನಿಕರ, ಎರಡನೆಯದು ವಿವರಣೆ. ಎರಡರಲ್ಲೂ ಕೊರತೆಯೊಂದೇ. ಕಿವಿ ಮಾಡಬೇಕಾದ ಕೆಲಸವನ್ನು ವೈದ್ಯರ ಚೀಟಿಗೆ ಒಪ್ಪಿಸಿಬಿಡುತ್ತವೆ.

ಉಸಿರು ಸಾಲದಿದ್ದರೆ ತುಂಡಾಗಿ ಹಾಡಬೇಕಾಗುತ್ತದೆ ನಿಜ. ಆದರೆ ಎಲ್ಲಿ ತುಂಡರಿಸಬೇಕು ಎಂದು ಶ್ವಾಸಕೋಶ ಹೇಳಿಕೊಡುವುದಿಲ್ಲ. ದಮ್ಮಿನ ರೋಗಿಯೊಬ್ಬ ಹಾಡಿದರೆ ಉಸಿರು ಮುಗಿದಲ್ಲಿ ಸಾಲು ಮುರಿಯುತ್ತದೆ. ನಮಗೆ ಆಯಾಸ ಕೇಳಿಸುತ್ತದೆ. ಕುಮಾರರ ಧ್ವನಿಮುದ್ರಿಕೆ ಹಾಕಿ ಕಣ್ಣು ಮುಚ್ಚಿ ಕೇಳಿ: ಸ್ವರ ನಿಂತಲ್ಲಿ ಆಯಾಸವಿಲ್ಲ, ಮುಂದಿನ ಸ್ವರಕ್ಕಾಗಿ ನಮ್ಮಲ್ಲೇ ಒಂದು ತವಕ ಹುಟ್ಟುತ್ತದೆ. ರಾಗದ ಯಾವ ಸ್ವರದ ಮೇಲೆ ಬಿಟ್ಟರೆ ಮೌನದಲ್ಲೂ ರಾಗ ನಡೆಯುತ್ತಿರುತ್ತದೆ ಎಂಬ ಲೆಕ್ಕ ಅದು. ಆ ಲೆಕ್ಕ ಬಂದದ್ದು ರೋಗದಿಂದಲ್ಲ. ಹಾಸಿಗೆಯಲ್ಲಿ ಮಲಗಿದ್ದಷ್ಟು ದಿನ ಅವರು ಮಾಳವದ ಹೆಂಗಸರ ಹಾಡುಗಳನ್ನು, ನಾಥಪಂಥದವರು ಹಾಡಿಕೊಂಡು ಬರುತ್ತಿದ್ದ ನಿರ್ಗುಣ ಭಜನೆಗಳನ್ನು ಕೇಳುತ್ತ ಇದ್ದರು. ನಾಲ್ಕೈದು ಸ್ವರಗಳಲ್ಲಿ ಮುಗಿಯುವ ಜನಪದ ಧಾಟಿಯಿಂದ ರಾಗ ಹುಟ್ಟುವ ಬಗೆಯನ್ನು ಯೋಚಿಸಿದರು. ತಾವೇ ಹೊಸ ರಾಗಗಳನ್ನು ಕಟ್ಟಿದರು. 1965ರಲ್ಲಿ ಬಂದ ‘ಅನೂಪರಾಗವಿಲಾಸ’ದಲ್ಲಿ ತಮ್ಮ ಬಂದಿಶ್‌ಗಳನ್ನು ಕೊಟ್ಟರು. ಹಾಡದ ಐದು ವರ್ಷ ಅವರು ಕೇಳಿದರು ಎಂಬುದೇ ಆ ಕಾಯಿಲೆಯ ಬಗ್ಗೆ ವಿಮರ್ಶಕ ಹೇಳಬಹುದಾದ ಮುಖ್ಯ ಸಂಗತಿ.

ನಮ್ಮ ಕಡೆಯವರಿಗೆ ಇದು ಬೇಗ ತಿಳಿಯಬೇಕು. ಕಬೀರನ ಆ ನಿರ್ಗುಣ ಭಜನೆಗಳಿಗೂ ಕಲಬುರ್ಗಿ ಸೀಮೆಯ ತತ್ವಪದಗಳಿಗೂ ದೂರದ ನಂಟಿದೆ. ಏಕತಾರಿಯ ಒಂದೇ ಸ್ವರದ ಮೇಲೆ ಸಾಲು ಎತ್ತಿ, ನಿಲ್ಲಿಸಿ, ಅರ್ಥ ಕೇಳುವವರ ಎದೆಗಿಳಿಯಲು ಬಿಡುವ ಕ್ರಮ ಎರಡರಲ್ಲೂ ಇದೆ. ಕಂಬದ ಮರೆಯ ಆ ಹಿರಿಯರು ‘ಜಾಗಾ’ ಎಂದದ್ದು ಅದನ್ನೇ. ನಾನು ಕೈ ಮುರಿದುಕೊಂಡು ಆಕಸ್ಮಿಕವಾಗಿ ತಲುಪಿದ ಜಾಗವನ್ನು ಅವರು ಕೈ ಮುರಿಯದೆಯೇ ಬಲ್ಲವರಾಗಿದ್ದರು.

ಗಂಗೂಬಾಯಿ ಹಾನಗಲ್ಲರ ಸಂಗತಿಯೂ ಇದಕ್ಕೆ ಹತ್ತಿರ. 1930ರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿ ಕಂಠ ಸಣ್ಣದು, ಮೇಲಿನದು. ಗಂಟಲಿನ ಚಿಕಿತ್ಸೆಯ ನಂತರ ಅದು ತಗ್ಗಿ, ಗಂಡುದನಿಯೆನ್ನುವಷ್ಟು ಗಡುಸಾಯಿತು. ಬೇರೆಯವರಾಗಿದ್ದರೆ ಹಳೆಯ ಕಂಠವನ್ನು ಹುಡುಕುತ್ತ ಆಯುಷ್ಯ ಕಳೆಯುತ್ತಿದ್ದರೇನೊ. ಅವರು ಹೊಸ ಕಂಠಕ್ಕೆ ತಕ್ಕ ಗಾಯನ ಕಟ್ಟಿದರು. ಸವಾಯಿ ಗಂಧರ್ವರಿಂದ ಪಡೆದ ಕಿರಾನಾದ ನಿಧಾನವನ್ನು, ಒಂದೊಂದೇ ಸ್ವರದ ಮೇಲೆ ಭಾರವಿಟ್ಟು ಮುಂದೆ ಹೋಗುವ ರೀತಿಯನ್ನು ಆ ಕಂಠ ಹೊತ್ತುಕೊಂಡಿತು. ಆದರೂ ಅವರ ಬಗ್ಗೆ ಬರೆದ ಎಷ್ಟೋ ಲೇಖನಗಳು ‘ಹೆಣ್ಣಿಗೆ ಗಂಡಿನ ದನಿ’ ಎಂಬ ಸೋಜಿಗದಲ್ಲಿಯೇ ಶುರುವಾಗಿ ಅಲ್ಲಿಯೇ ಮುಗಿಯುತ್ತವೆ. ರಾಗದ ತನಕ ಬರುವುದೇ ಇಲ್ಲ.

ಹಾಗಾದರೆ ಗಾಯ ಯಾವಾಗ ಕಲೆಯ ಭಾಗವಾಗುತ್ತದೆ, ಯಾವಾಗ ಬರಿಯ ಸುದ್ದಿಯಾಗಿ ಉಳಿಯುತ್ತದೆ? ನನ್ನ ಮಟ್ಟಿಗೆ ಒಂದು ಪರೀಕ್ಷೆಯಿದೆ. ಗಾಯವಿಲ್ಲದವರೂ ಆ ರೂಪವನ್ನು ಬಯಸುತ್ತಾರೆಯೆ ಎಂದು ನೋಡುವುದು. ಫ್ರಾನ್ಸಿನಲ್ಲಿ ಬೆಳೆದ ಜಿಪ್ಸಿ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ 1928ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ತಾನು ವಾಸಿಸುತ್ತಿದ್ದ ಗಾಡಿಗೆ ಬೆಂಕಿ ಬಿದ್ದು ಸುಟ್ಟುಕೊಂಡ. ಎಡಗೈಯ ಉಂಗುರ ಬೆರಳು, ಕಿರುಬೆರಳು ಹೆಚ್ಚುಕಡಿಮೆ ನಿಷ್ಪ್ರಯೋಜಕವಾದವು. ಉಳಿದೆರಡು ಬೆರಳಿನಿಂದ ತಂತಿಯ ಉದ್ದಕ್ಕೂ ಓಡುವ ಹೊಸ ಹಾದಿ ಕಂಡುಕೊಂಡ. 1934ರಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಪೆಲ್ಲಿಯ ಜೊತೆ ಅವನು ಕೂಡಿದ ಪ್ಯಾರಿಸಿನ ತಂಡ ಯುರೋಪಿನ ಜಾಜ್‌ಗೇ ಒಂದು ಗುರುತು ಕೊಟ್ಟಿತು. ಇಂದು ಐದೂ ಬೆರಳು ನೆಟ್ಟಗಿರುವ ಹುಡುಗರು ಅವನ ಎರಡು ಬೆರಳಿನ ಓಟವನ್ನು ಕಲಿಯಲು ವರ್ಷಗಟ್ಟಲೆ ಹೆಣಗುತ್ತಾರೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್ ಎಡಗೈಯೊಂದಕ್ಕೇ ಹೊಂದುವ ಕೃತಿಗಳನ್ನು ದೊಡ್ಡ ರಚನಕಾರರಿಂದ ಬರೆಸಿದ. ರಾವೆಲ್ ಬರೆದದ್ದನ್ನು 1932ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದ. ತನಗೆ ಬೇಕಾದಂತೆ ತಿದ್ದಿಕೊಂಡದ್ದಕ್ಕೆ ರಾವೆಲ್ ಸಿಟ್ಟಾದ. ಕೈ ಕಳೆದುಕೊಂಡ ಯೋಧನೆಂದು ಆ ರಚನಕಾರ ರಿಯಾಯಿತಿ ತೋರಲಿಲ್ಲ. ಒಬ್ಬ ಕಲಾವಿದನಿಗೆ ಇನ್ನೊಬ್ಬ ಕೊಡಬಹುದಾದ ಮರ್ಯಾದೆ ಅದೇ ಎಂದು ನನಗನ್ನಿಸುತ್ತದೆ. ಎರಡು ಕೈಯುಳ್ಳ ವಾದಕರು ಇಂದಿಗೂ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಆ ಕೃತಿಯನ್ನು ನುಡಿಸುತ್ತಾರೆ.

ನನ್ನ ಪರೀಕ್ಷೆಗೂ ಒಂದು ಮಿತಿಯಿದೆ ಎಂಬುದನ್ನು ಒಪ್ಪಬೇಕು. ಎರಡೂ ಶ್ವಾಸಕೋಶ ಗಟ್ಟಿಯಿರುವ ಗಾಯಕರು ಕುಮಾರರ ಹಾಗೆ ಥಟ್ಟನೆ ನಿಲ್ಲುವುದನ್ನು ಕಲಿತು ಹಾಡುವುದನ್ನು ಕೇಳಿದ್ದೇನೆ. ನಿಲ್ಲುವುದು ಬಂದಿರುತ್ತದೆ, ಏಕೆ ನಿಲ್ಲಬೇಕೆಂಬುದು ಬಂದಿರುವುದಿಲ್ಲ. ಅನುಕರಣೆಯಿಂದ ರೂಪ ಬದುಕಿದೆ ಎಂದು ಗೊತ್ತಾಗುತ್ತದೆ, ಅನುಕರಿಸಿದವನು ಬದುಕಿದ್ದಾನೆ ಎಂದಲ್ಲ.

ಇನ್ನು ಬ್ಯಾಂಡಿನ ಲೋಕದ ಒಂದು ಪ್ರಸಂಗ. 2015ರ ಜೂನ್ 12ರಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ‘ಫೂ ಫೈಟರ್ಸ್’ ಎಂಬ ಅಮೆರಿಕದ ರಾಕ್ ತಂಡದ ಗಾಯಕ ಡೇವ್ ಗ್ರೋಲ್ ಎರಡನೆಯ ಹಾಡಿನ ಹೊತ್ತಿಗೆ ವೇದಿಕೆಯಿಂದ ಬಿದ್ದು ಕಾಲು ಮುರಿದುಕೊಂಡ. ಪಟ್ಟಿ ಕಟ್ಟಿಸಿಕೊಂಡು ಬಂದು ಕುರ್ಚಿಯಲ್ಲಿ ಕುಳಿತು ಕಾರ್ಯಕ್ರಮ ಮುಗಿಸಿದ. ಮುಂದೆ ಅದೇ ಜುಲೈ 4ರಂದು ವಾಷಿಂಗ್ಟನ್ನಿನಲ್ಲಿ ಗಿಟಾರುಗಳಿಂದ ಅಲಂಕರಿಸಿದ ದೊಡ್ಡ ಸಿಂಹಾಸನ ಮಾಡಿಸಿಕೊಂಡು, ಕಾಲು ಚಾಚಿ ಕುಳಿತು ಹಾಡಿದ. ಮರುವರ್ಷ ‘ಗನ್ಸ್ ಎನ್ ರೋಸಸ್’ ತಂಡದ ಆಕ್ಸೆಲ್ ರೋಸ್ ಪಾದ ಮುರಿದುಕೊಂಡಾಗ ಆ ಸಿಂಹಾಸನ ಕಡವಾಗಿ ಅಲ್ಲಿಗೂ ಹೋಯಿತು! ನಾನು ಇದನ್ನು ಹಗುರವಾಗಿ ಹೇಳುತ್ತಿಲ್ಲ. ಮುರಿದ ಮೂಳೆಯ ನೋವು ಏನೆಂದು ನನ್ನ ಮಣಿಕಟ್ಟು ಬಲ್ಲದು. ಆ ಧೈರ್ಯ ನನಗಿಲ್ಲ. ಆದರೆ ಧೈರ್ಯ ಬೇರೆ, ಹಾಡು ಬೇರೆ. ಗೋಥೆನ್‌ಬರ್ಗಿನ ಆ ರಾತ್ರಿ ಹಾಡಿನಲ್ಲಿ ಹೊಸದೇನಾದರೂ ಹುಟ್ಟಿತೆ ಎಂದು ಯಾರೂ ಕೇಳಿದ ಹಾಗೆ ಕಾಣೆ. ಎಲ್ಲರ ನೆನಪಿನಲ್ಲಿ ಉಳಿದದ್ದು ಕಾಲು ಮತ್ತು ಕುರ್ಚಿ. ನಮ್ಮಲ್ಲಿ ಗಾಯಕರು ಜಮಖಾನೆಯ ಮೇಲೆ ಕಾಲು ಮಡಿಚಿ ಕುಳಿತೇ ಹಾಡುತ್ತಾರೆ. ಕಾಲು ಮುರಿದಿದ್ದರೆ ಶಾಲು ಮುಚ್ಚಿದರಾಯಿತು. ಅದೇ ದೊಡ್ಡಾಟದ ಪಾತ್ರಧಾರಿಗೆ ಕಾಲು ಮುರಿದರೆ ವೇಷವೇ ಇಲ್ಲ. ಯಾವ ಅಂಗಕ್ಕೆ ಪೆಟ್ಟಾದರೆ ವೀರತನ, ಯಾವುದಕ್ಕೆ ಆದರೆ ಮನೆಯಲ್ಲಿರುವುದು ಎಂಬುದನ್ನು ಆಯಾ ಕಲೆಯೇ ಗೊತ್ತುಮಾಡುತ್ತದೆ.

ವೀರತನದ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಮದುವೆಯ ದಿನಗಳಲ್ಲಿ ನಮ್ಮೂರ ಕಡೆಯ ಬ್ಯಾಂಡಿನವರನ್ನು ನೋಡಿದ್ದೇನೆ. ತುಟಿ ಒಡೆದಿದ್ದರೂ ಕ್ಲಾರಿನೆಟ್ ಊದುತ್ತಾರೆ, ಕಾಲು ಉಳುಕಿದ್ದರೂ ಮೆರವಣಿಗೆಯ ಮುಂದೆ ನಡೆಯುತ್ತಾರೆ. ಯಾರೂ ಶಾಲು ಹೊದಿಸುವುದಿಲ್ಲ. ಅವತ್ತು ಬಾರದಿದ್ದರೆ ಅವತ್ತಿನ ಕೂಲಿಯಿಲ್ಲ, ಅಷ್ಟೆ. ಶಾಲೆಯ ಸಂಬಳ ಬರುವ ನನಗೆ ಪ್ಲಾಸ್ಟರು ಕಟ್ಟಿಕೊಂಡು ನುಡಿಸುವುದು ತ್ಯಾಗದಂತೆ ಕಂಡಿತು. ಅವರಿಗೆ ಅದು ಮಂಗಳವಾರದ ಕೆಲಸ.

ಈಗ ಹೇಳದೆ ಇಷ್ಟು ಹೊತ್ತು ತಡೆದ ಮಾತನ್ನು ಹೇಳಬೇಕು. ಆರು ವಾರಕ್ಕೆ ಪ್ಲಾಸ್ಟರು ತೆಗೆದರು. ಮಣಿಕಟ್ಟು ಕೆಲವು ದಿನ ಬಿಗಿಯಿತ್ತು, ಬಿಸಿನೀರಿನಲ್ಲಿ ಅದ್ದಿ ಅದ್ದಿ ಸಡಿಲಾಯಿತು. ಮನೆಯಲ್ಲಿ ತಿದಿ ಒತ್ತಿ ನೋಡಿದೆ, ಬಂತು. ಅದಾಗಿ ಮೂರು ವಾರಕ್ಕೆ ಸೇಡಂ ಕಡೆ ಒಂದು ಕಾರ್ಯಕ್ರಮವಿತ್ತು. ನಾನು ಕೈಗೆ ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು ಹೋದೆ. ಬೇಕಾಗಿರಲಿಲ್ಲ. ಎಲ್ಲಾದರೂ ತಪ್ಪಿದರೆ ಇರಲಿ ಎಂದು ಮನಸ್ಸಿನೊಳಗೆ ನೆಪ ಹೇಳಿಕೊಂಡೆ. ವೇದಿಕೆಯ ಮೇಲೆ ನಿರೂಪಕ ನನ್ನ ಕೈಯ ಕಥೆ ಹೇಳಿದ, ಚಪ್ಪಾಳೆ ಬಿತ್ತು, ನಾನು ತಲೆ ಬಾಗಿಸಿದೆ. ಮುಂದಿನ ಸಲ ಚಿತ್ತಾಪುರಕ್ಕೂ ಅದನ್ನೇ ಸುತ್ತಿಕೊಂಡು ಹೋದೆ. ಭಾತಿಯ ಹುಡುಗ ಅಂದೂ ಅಣ್ಣನ ಜೊತೆ ಬಂದಿದ್ದ. ನಾನು ಎಡಗೈಯಲ್ಲೇ ತಿದಿ ಒತ್ತಿಕೊಳ್ಳುವುದನ್ನು ನೋಡುತ್ತ ಪಕ್ಕದಲ್ಲಿ ಕುಳಿತಿದ್ದ. ವಿರಾಮದಲ್ಲಿ ಮೆಲ್ಲಗೆ, “ಸರ, ಇನ್ನಾ ನೋಯಲಾಕತ್ತದೇನ್ರಿ? ನಾ ಒತ್ಲೇನ್ರಿ?” ಎಂದು ಕೇಳಿದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ.

ಕನಿಕರದ ಚಪ್ಪಾಳೆ ಕೇಳುಗನ ಕಿವಿಯನ್ನಷ್ಟೇ ಕೆಡಿಸುತ್ತದೆಂದು ತಿಳಿದಿದ್ದೆ. ನುಡಿಸುವವನನ್ನೂ ಕೆಡಿಸುತ್ತದೆ. ಗುಣವಾದ ಮೇಲೂ ಗಾಯವನ್ನು ಬಿಟ್ಟುಕೊಡಲು ಮನಸ್ಸು ಬರದ ಹಾಗೆ ಮಾಡುತ್ತದೆ. ನನಗೆ ಸಿಕ್ಕ ಒಂದೇ ಒಂದು ನಿಜವಾದ ವಿಮರ್ಶೆ, ಆ ನಾಲ್ಕನೆಯ ಪದದಲ್ಲಿ ಬಿಟ್ಟ ಜಾಗ. ಅದನ್ನು ಉಳಿಸಿಕೊಳ್ಳುವ ಬದಲು ನಾನು ಬ್ಯಾಂಡೇಜು ಉಳಿಸಿಕೊಂಡಿದ್ದೆ. ಕೈ ಸರಿಯಾದದ್ದೇ ತಡ, ಸೇಡಂನಲ್ಲೂ ಚಿತ್ತಾಪುರದಲ್ಲೂ ಮತ್ತೆ ಹಾಡುವವನ ಬೆನ್ನಿಗೆ ಅಂಟಿಕೊಂಡು ಉದ್ದಕ್ಕೂ ನುಡಿಸಿದ್ದೆ.

ಪೆಟ್ಟಾದವರ ಕಾರ್ಯಕ್ರಮಕ್ಕೆ ಹೋಗಬೇಡಿ, ಮರುಗಬೇಡಿ ಎಂದು ನಾನು ಹೇಳುವುದಿಲ್ಲ. ಮರುಗುವುದು ಮನುಷ್ಯನ ಗುಣ; ಮನೆಗೆ ಹೋಗಿ ವಿಚಾರಿಸಿ, ಬೇಕಾದರೆ ಔಷಧಕ್ಕೆ ದುಡ್ಡು ಕೊಡಿ. ಹಾಡು ಶುರುವಾದ ಮೇಲೆ ಮಾತ್ರ ಒಂದು ಕಂಬದ ಮರೆ ಹುಡುಕಿಕೊಳ್ಳಿ. ಕೆಟ್ಟರೆ ಕೆಟ್ಟಿತು ಎನ್ನಿ, ಸೈ ಎನಿಸಿದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಿ.

ಚಿತ್ತಾಪುರದ ಆ ರಾತ್ರಿ ವಿರಾಮ ಮುಗಿದಾಗ ನಾನು ಬ್ಯಾಂಡೇಜು ಬಿಚ್ಚಿ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಹಾಕಿದೆ. ಹುಡುಗನಿಗೆ, “ಒತ್ತು” ಎಂದೆ. ಅವನು ಖುಷಿಯಿಂದ ಮುಂದೆ ಸರಿದು ಕುಳಿತ. ಕೈ ನೆಟ್ಟಗಿತ್ತು, ಆದರೂ ಅವನ ಗಾಳಿಗೆ ಕಾಯುತ್ತ ಒಂದು ಪದ ನುಡಿಸಿದೆ. ಹಾಡುವವನಿಗೆ ಜಾಗ ಬಿಡುವುದು ಈಗಲೂ ನನಗೆ ಪೂರ್ತಿ ಬಂದಿಲ್ಲ. ಎಡಗೈ ಸುಮ್ಮನಿರುವುದಿಲ್ಲ. ಆಗೆಲ್ಲ ಆ ಹುಡುಗನನ್ನು ಕರೆದು ಭಾತಿಗೆ ಕೂಡಿಸಿಕೊಳ್ಳುತ್ತೇನೆ.